ಮೀನಿನ ಊರು, ನಮ್ಮೂರಿನ ನೀರು

ಪೆರಂಬೂರು ನಿಲ್ದಾಣದಲ್ಲಿ ಇಳಿದು ಆಟೋದವನಿಗೆ ‘ಕೊಳತ್ತೂರು’ ಎಂದರೆ ಸಾಕು, ಅವನ ಮರುಪ್ರಶ್ನೆ ಒಂದೇ: ‘ಮೀನ್ ಕಡೈಯಾ ಸಾರ್?’ ಅವನು ಕೇಳುವುದು ಸಾರಿನ ಮೀನಿನ ಅಂಗಡಿಯನ್ನಲ್ಲ, ಸಾಕುವ ಮೀನಿನ ಅಂಗಡಿಯನ್ನು. ಬೆಂಗಳೂರಿನ ಕಡೆಯಿಂದ ಚೆನ್ನೈಗೆ ಹೋಗುವ ಹಲವು ರೈಲುಗಳು ಸೆಂಟ್ರಲ್ ತಲುಪುವ ಮುನ್ನ ಪೆರಂಬೂರಿನಲ್ಲಿ ನಿಲ್ಲುತ್ತವೆ. 1955ರಲ್ಲಿ ಆರಂಭವಾದ ರೈಲು ಬೋಗಿಗಳ ಕಾರ್ಖಾನೆಯಿಂದ ಹೆಸರಾದ ಬಡಾವಣೆ ಅದು. ಅಲ್ಲಿಂದ ಕೆಲವೇ ಕಿಲೋಮೀಟರು ಹೋದರೆ ಕೊಳತ್ತೂರು.

ಹೆಸರು ಕೇಳಿದೊಡನೆ ಕನ್ನಡದ ಕಿವಿಗೆ ‘ಕೊಳ’ ಕೇಳಿಸುತ್ತದೆ. ನೀರಿಗೂ ಈ ಊರಿಗೂ ನಂಟು ಇದ್ದೇ ಇದೆ. ಪಕ್ಕದಲ್ಲೇ ರೆಟ್ಟೇರಿ ಎಂಬ ಕೆರೆ. ಇನ್ನೂ ಆಚೆ ಚೆನ್ನೈ ನಗರಕ್ಕೆ ಕುಡಿಯುವ ನೀರು ಕೊಡುವ ಪುಳಲ್ ಜಲಾಶಯ. ಈ ನೀರಿನ ನೆರೆಯಲ್ಲಿ ಹಿತ್ತಿಲಿನ ಸಿಮೆಂಟ್ ತೊಟ್ಟಿಗಳಲ್ಲಿ ಬಣ್ಣದ ಮೀನು ಸಾಕುವ ಕಸುಬು ಬೆಳೆದು, ಇಂದು ಕೊಳತ್ತೂರು ದೇಶದ ಅಲಂಕಾರಿಕ ಮೀನು ವ್ಯಾಪಾರದ ದೊಡ್ಡ ಕೇಂದ್ರಗಳಲ್ಲಿ ಒಂದಾಗಿದೆ. ನಮ್ಮ ಬೆಂಗಳೂರಿನ ಅಂಗಡಿಗಳಲ್ಲಿ ಕಾಣುವ ಎಷ್ಟೋ ಮೀನುಗಳು ಥರ್ಮೋಕೋಲ್ ಪೆಟ್ಟಿಗೆಗಳಲ್ಲಿ ಇಲ್ಲಿಂದಲೇ ಪ್ರಯಾಣ ಬಂದಿರುತ್ತವೆ.

ಕಳೆದ ದಸರಾ ರಜೆಯಲ್ಲಿ ಈ ಬೀದಿಗಳನ್ನು ಸುತ್ತಿಬಂದೆ. ಜೊತೆಗೆ ನಮ್ಮ ಶಾಲೆಯ ಎಂಟನೇ ತರಗತಿಯ ಹುಡುಗಿಯೊಬ್ಬಳು, ಅವಳ ತಂದೆ. ಅವರು ಕೋಲಾರದ ಕಡೆಯ ರೇಷ್ಮೆ ಬೆಳೆಗಾರರು. ತಮಿಳು, ತೆಲುಗು ಎರಡನ್ನೂ ನೀರು ಕುಡಿದಂತೆ ಮಾತಾಡುವವರು. ನನಗದು ಅನುಕೂಲವಾಯಿತು.

ಹನ್ನೆರಡು ದಿನದ ತೊಟ್ಟಿ

ನಾವು ಹೊರಟದ್ದಕ್ಕೆ ಒಂದು ಕಾರಣವಿತ್ತು. ಹಿಂದಿನ ವರ್ಷ ಮಗಳ ಹುಟ್ಟುಹಬ್ಬಕ್ಕೆಂದು ಈ ತಂದೆ ಎರಡು ಅಡಿಯ ಗಾಜಿನ ತೊಟ್ಟಿಯನ್ನು ತಂದಿದ್ದರು. ಅದರೊಂದಿಗೆ ಎರಡು ಗೋಲ್ಡ್ ಫಿಶ್, ಒಂದು ಜೊತೆ ಏಂಜೆಲ್, ನಾಲ್ಕು ಟೈಗರ್ ಬಾರ್ಬ್, ಆರು ನಿಯಾನ್ ಟೆಟ್ರಾ ಮತ್ತು ‘ಇದು ತೊಟ್ಟಿ ಕ್ಲೀನ್ ಮಾಡುತ್ತದೆ’ ಎಂದು ಅಂಗಡಿಯವನು ಸೇರಿಸಿದ ಒಂದು ಸಕ್ಕರ್ ಮೀನು. ಸಂಜೆಗೆ ಮನೆಯ ಕೊಳವೆಬಾವಿ ನೀರು ತುಂಬಿ, ರಾತ್ರಿಗೇ ಎಲ್ಲವನ್ನೂ ಬಿಟ್ಟಾಯಿತು. ಮನೆಮಂದಿಯೆಲ್ಲ ಊಟದ ತಟ್ಟೆ ಹಿಡಿದು ಅದರ ಮುಂದೆಯೇ ಕುಳಿತರಂತೆ.

ಎರಡನೆಯ ದಿನ ನಿಯಾನ್‌ಗಳು ಸತ್ತವು. ಐದನೆಯ ದಿನದ ಹೊತ್ತಿಗೆ ಏಂಜೆಲ್‌ಗಳ ಉದ್ದನೆಯ ಈಜುರೆಕ್ಕೆಗಳು ಹರಿದ ಬಟ್ಟೆಯಂತಾಗಿದ್ದವು. ಏಳನೆಯ ದಿನ ನೀರು ಮಜ್ಜಿಗೆಯಂತೆ ಮಸಕಾಯಿತು. ತಂದೆ ಎಲ್ಲ ನೀರನ್ನೂ ಚೆಲ್ಲಿ, ಕಲ್ಲುಗಳನ್ನು ಉಜ್ಜಿ ತೊಳೆದು, ಹೊಸ ನೀರು ತುಂಬಿದರು. ಹನ್ನೆರಡನೆಯ ದಿನಕ್ಕೆ ಉಳಿದದ್ದು ಸಕ್ಕರ್ ಒಂದೇ. ‘ಮೀನು ಸಾಕುವುದು ನಮ್ಮ ಮನೆಗೆ ಆಗಿಬರುವುದಿಲ್ಲ’ ಎಂದು ಅಜ್ಜಿ ತೀರ್ಪು ಕೊಟ್ಟರು. ಹುಡುಗಿ ಮಾತ್ರ ಬಿಡಲಿಲ್ಲ. ‘ಸಾರ್, ಎಲ್ಲ ಸತ್ತ ಮೇಲೂ ಅದೊಂದು ಯಾಕೆ ಸಾಯಲಿಲ್ಲ?’ ಎಂದು ತರಗತಿಯಲ್ಲೇ ಎದ್ದುನಿಂತು ಕೇಳಿದಳು. ವಿಜ್ಞಾನದ ಮೇಷ್ಟ್ರಿಗೆ ಇದಕ್ಕಿಂತ ಒಳ್ಳೆಯ ಪ್ರಶ್ನೆ ಸಿಗುವುದು ಅಪರೂಪ.

ಈ ಪ್ರಶ್ನೆಗೆ ಕಪ್ಪುಹಲಗೆಯ ಮೇಲೆ ಅರ್ಧ ಉತ್ತರ ಬರೆದುಕೊಡಬಹುದು. ಇನ್ನರ್ಧ ಉತ್ತರವನ್ನು ಮೀನುಗಳನ್ನು ತೋರಿಸಿಯೇ ಹೇಳಬೇಕು. ಕೊಳತ್ತೂರಿಗೆ ಹೋದದ್ದು ಅದಕ್ಕೆ.

‘ನಿಮ್ಮೂರ ನೀರು ಹೇಗೆ?’

ಬೀದಿಯ ಎರಡೂ ಬದಿಗೆ ಅಂಗಡಿಗಳ ಸಾಲು. ನೆಲದಿಂದ ಸೂರಿನವರೆಗೆ ಜೋಡಿಸಿದ ಗಾಜಿನ ತೊಟ್ಟಿಗಳು. ಗಾಳಿಯಂತ್ರಗಳ ಗುಂಯ್‌ಗುಡುವಿಕೆ, ಒದ್ದೆ ನೆಲ, ಒಣ ಸಿಗಡಿಯಂಥ ಮೀನಾಹಾರದ ವಾಸನೆ. ಹುಡುಗರು ಪಾಲಿಥೀನ್ ಚೀಲಕ್ಕೆ ಮೂರನೇ ಒಂದು ಪಾಲು ನೀರು ತುಂಬಿ, ಮೀನು ಬಿಟ್ಟು, ಉಳಿದ ಜಾಗಕ್ಕೆ ಸಿಲಿಂಡರಿನಿಂದ ಆಮ್ಲಜನಕ ಊದಿ, ರಬ್ಬರ್ ಬ್ಯಾಂಡನ್ನು ಚಕಚಕನೆ ಸುತ್ತುವ ಕೈಚಳಕವನ್ನು ನೋಡುತ್ತ ನಿಂತರೆ ಹೊತ್ತು ಹೋದದ್ದು ತಿಳಿಯುವುದಿಲ್ಲ.

ಮೊದಲ ನಾಲ್ಕೈದು ಅಂಗಡಿಗಳಲ್ಲಿ ‘ಎಷ್ಟು ಜೊತೆ ಬೇಕು?’ ಎಂದೇ ಮಾತು ಶುರುವಾಯಿತು. ಒಂದು ಸಣ್ಣ ಅಂಗಡಿಯಲ್ಲಿ ಮಾತ್ರ, ಲುಂಗಿ ಉಟ್ಟ ಹಿರಿಯರೊಬ್ಬರು ನಾವು ತೋರಿಸಿದ ಮೀನನ್ನು ಬಲೆಯಲ್ಲಿ ಹಿಡಿಯುವ ಬದಲು ಕೇಳಿದರು: ‘ಯಾವೂರು? ನಿಮ್ಮೂರ ನೀರು ಹೇಗೆ? ಸೋಪು ನೊರೆ ಬರುತ್ತದೆಯಾ?’

ಹುಡುಗಿ ನನ್ನ ಮುಖ ನೋಡಿದಳು. ಎಂಟನೇ ತರಗತಿಯಲ್ಲಿ ಕಲಿತ ಗಡಸು ನೀರು, ಮೆದು ನೀರಿನ ಪಾಠವನ್ನು ಮೀನಿನಂಗಡಿಯ ಹಿರಿಯರು ಒಪ್ಪಿಸುತ್ತಿದ್ದರು.

ಆ ಪ್ರಶ್ನೆಯಲ್ಲೇ ಎಲ್ಲವೂ ಇದೆ. ನಾವು ಗಾಳಿಯಲ್ಲಿ ಬದುಕುವಂತೆ ಮೀನು ನೀರಿನಲ್ಲಿ ಬದುಕುತ್ತದೆ ಎಂದು ಸುಲಭವಾಗಿ ಹೇಳಿಬಿಡುತ್ತೇವೆ. ಆದರೆ ಗಾಳಿ ಕೋಲಾರದಲ್ಲೂ ಕಾರವಾರದಲ್ಲೂ ಹೆಚ್ಚುಕಡಿಮೆ ಒಂದೇ, ನೀರು ಹಾಗಲ್ಲ. ಬಯಲುಸೀಮೆಯ ಆಳದ ಕೊಳವೆಬಾವಿಗಳ ನೀರಿನಲ್ಲಿ ಕ್ಯಾಲ್ಸಿಯಂ, ಮೆಗ್ನೀಸಿಯಂ ಲವಣಗಳು ಹೆಚ್ಚು. ಹಂಡೆಯೊಳಗೆ ಕಟ್ಟುವ ಬಿಳಿಯ ಪದರವೇ ಅದಕ್ಕೆ ಸಾಕ್ಷಿ. ಮಲೆನಾಡು, ಕರಾವಳಿಯ ಕೆಂಪು ಮುರಕಲ್ಲಿನ ಬಾವಿಗಳ ನೀರು ಸಾಮಾನ್ಯವಾಗಿ ಮೆದು, ತುಸು ಆಮ್ಲೀಯ. ಬೆಂಗಳೂರು, ಮೈಸೂರಿನ ನಲ್ಲಿಗಳಲ್ಲಿ ಬರುವ ಕಾವೇರಿ ನೀರು ಇವೆರಡರ ನಡುವಿನದು. ಅದರಲ್ಲಿ ಕ್ಲೋರಿನ್ ಬೇರೆ ಇರುತ್ತದೆ. ಮೀನಿನ ಚರ್ಮ, ಕಿವಿರುಗಳ ಮೂಲಕ ನೀರು ಮತ್ತು ಲವಣಗಳು ಸದಾ ಒಳಗೂ ಹೊರಗೂ ಹರಿಯುತ್ತಿರುತ್ತವೆ. ತನ್ನ ವಂಶಕ್ಕೆ ಒಗ್ಗಿದ ನೀರಿನಲ್ಲಿ ಈ ಸಮತೋಲವನ್ನು ಮೀನು ಸಲೀಸಾಗಿ ನಡೆಸುತ್ತದೆ. ಒಗ್ಗದ ನೀರಿನಲ್ಲಿ ಉಸಿರಾಡುವುದಕ್ಕೂ ದುಡಿಯಬೇಕು.

ಹಾಗಾಗಿ ಮೀನು ಕೊಳ್ಳಲು ಹೊರಟವರು ಕೇಳಬೇಕಾದ ಪ್ರಶ್ನೆಗಳು ಎರಡೇ: ಈ ಮೀನಿನ ಊರು ಯಾವುದು? ನಮ್ಮೂರಿನ ನೀರು ಎಂಥದು? ಬಣ್ಣದ ಮಾತು ಆಮೇಲೆ.

ಒಂದೇ ಬೀದಿಯಲ್ಲಿ ನಾಲ್ಕು ಖಂಡ

ಈ ದೃಷ್ಟಿಯಿಂದ ನೋಡುತ್ತ ಹೋದರೆ ಕೊಳತ್ತೂರಿನ ಬೀದಿ ಭೂಪಟದಂತೆ ತೆರೆದುಕೊಳ್ಳುತ್ತದೆ.

ಮೊದಲ ಸಾಲಿನಲ್ಲೇ ನಿಯಾನ್ ಟೆಟ್ರಾ. ಮೈಯುದ್ದಕ್ಕೂ ನೀಲಿ ಗೆರೆ, ಕೆಳಗೆ ಕೆಂಪು. ಮೂರು ನಾಲ್ಕು ಸೆಂಟಿಮೀಟರಿನ ಪುಟ್ಟ ಮೀನು. ಅಮೆಜಾನ್ ಕೊಳ್ಳದ ಮೇಲ್ಭಾಗದಲ್ಲಿ, ಪೆರು ದೇಶದ ಕಾಡುಗಳಲ್ಲಿ 1934ರಲ್ಲಿ ಇದನ್ನು ಕಂಡು ಹೊರಜಗತ್ತಿಗೆ ತಂದರು. ಕೊಳೆತ ಎಲೆಗಳ ರಸದಿಂದ ತಿಳಿ ಡಿಕಾಕ್ಷನ್ ಬಣ್ಣಕ್ಕೆ ತಿರುಗಿದ, ಲವಣಗಳೇ ಇಲ್ಲದಷ್ಟು ಮೆದುವಾದ, ಆಮ್ಲೀಯ ನೀರಿನ ತೊರೆಗಳು ಇದರ ತವರು. ಈಗ ಮಾರಾಟವಾಗುವವು ಹೆಚ್ಚಾಗಿ ತೊಟ್ಟಿಯಲ್ಲೇ ಹುಟ್ಟಿದವು, ಕಾಡಿನವಕ್ಕಿಂತ ಸ್ವಲ್ಪ ಗಟ್ಟಿ. ಆದರೂ ಹಂಡೆಯಲ್ಲಿ ಸುಣ್ಣ ಕಟ್ಟುವ ನೀರಿಗೆ, ಅದೂ ಅಂದೇ ತುಂಬಿದ ತೊಟ್ಟಿಗೆ ಇವನ್ನು ಬಿಟ್ಟರೆ ಎರಡು ದಿನವೇ ಹೆಚ್ಚು. ಹುಡುಗಿ ತನ್ನ ನೋಟ್‌ಬುಕ್ಕಿನಲ್ಲಿ ಮೊದಲ ಸಾವಿನ ಮುಂದೆ ಕಾರಣ ಬರೆದುಕೊಂಡಳು.

ಏಂಜೆಲ್ ಮೀನೂ ಅಮೆಜಾನಿನದೇ. ನೀರಿನೊಳಗೆ ನಿಂತ ಗಿಡದ ಕಾಂಡಗಳ ನಡುವೆ ನುಸುಳಲೆಂದು ಬಿಲ್ಲೆಯಂತೆ ಚಪ್ಪಟೆಯಾದ ಮೈ, ಪಟದ ಬಾಲಂಗೋಚಿಯಂಥ ರೆಕ್ಕೆಗಳು. ಬೆಳೆದಾಗ ಹದಿನೈದು ಸೆಂಟಿಮೀಟರು ಉದ್ದ, ಎತ್ತರ ಅದಕ್ಕಿಂತಲೂ ಹೆಚ್ಚು. ಅದಕ್ಕೆ ಬೇಕಾದದ್ದು ಎತ್ತರದ ತೊಟ್ಟಿ. ಬೆಳೆದ ಏಂಜೆಲ್‌ಗೆ ನಿಯಾನ್ ಟೆಟ್ರಾ ಎಂದರೆ ಬಾಯಿಗೆ ಸರಿಹೊಂದುವ ತುತ್ತು ಎಂಬುದನ್ನೂ ಮರೆಯಬಾರದು.

ಟೈಗರ್ ಬಾರ್ಬ್ ಸುಮಾತ್ರ, ಬೋರ್ನಿಯೋ ಕಡೆಯದು. ಹಳದಿ ಮೈಗೆ ಕಪ್ಪು ಪಟ್ಟೆ, ನೋಡಲು ಚೆಂದ, ಗುಣದಲ್ಲಿ ತರಗತಿಯ ಕೊನೆಯ ಬೆಂಚಿನ ಹುಡುಗ. ತನ್ನವರು ಎಂಟು ಹತ್ತು ಮಂದಿ ಇದ್ದರೆ ಅವರೊಳಗೇ ಚೇಷ್ಟೆ ಮಾಡಿಕೊಂಡು ಇರುತ್ತದೆ. ಮೂರು ನಾಲ್ಕೇ ಇದ್ದರೆ ನೆರೆಯವರ ರೆಕ್ಕೆ ಕಚ್ಚುತ್ತದೆ. ಏಂಜೆಲ್, ಗಪ್ಪಿ, ಫೈಟರ್‌ಗಳಂಥ ಉದ್ದ ರೆಕ್ಕೆಯವರ ಜೊತೆಗೆ ಇದನ್ನು ಎಂದೂ ಬಿಡಬಾರದು. ಎರಡನೆಯ ಕಾರಣವೂ ನೋಟ್‌ಬುಕ್ಕಿಗೆ ಸೇರಿತು.

ಗೋಲ್ಡ್ ಫಿಶ್ ಚೀನಾದ್ದು. ಕಂದು ಬಣ್ಣದ ಕೊಳದ ಮೀನಿನಲ್ಲಿ ಆಗೊಮ್ಮೆ ಈಗೊಮ್ಮೆ ಕಾಣಿಸುತ್ತಿದ್ದ ಕಿತ್ತಳೆ ಬಣ್ಣದವನ್ನು ಆರಿಸಿ ಆರಿಸಿ, ಸಾವಿರ ವರ್ಷಗಳಿಂದ ಸಾಕಿ ಬೆಳೆಸಿದ ತಳಿ. ಇದಕ್ಕೆ ತಂಪು ನೀರು ಹಿತ; ಉಷ್ಣವಲಯದ ಮೀನುಗಳಿಗೆ ಬೇಕಾದ 26, 27 ಡಿಗ್ರಿ ಇದಕ್ಕೆ ಸೆಕೆ. ತಿನ್ನುವುದೂ ಹೆಚ್ಚು, ವಿಸರ್ಜಿಸುವುದೂ ಹೆಚ್ಚು. ಅಂಗೈಗಿಂತ ದೊಡ್ಡದಾಗಿ, ಹತ್ತು ವರ್ಷಕ್ಕೂ ಮೀರಿ ಬಾಳಬಲ್ಲ ಮೀನನ್ನು ನಾವು ಗುಂಡು ಗಾಜಿನ ಬುರುಡೆಯಲ್ಲಿಟ್ಟು, ಎರಡು ತಿಂಗಳಿಗೆ ಸತ್ತಾಗ ‘ಅದರ ಆಯಸ್ಸೇ ಅಷ್ಟು’ ಎನ್ನುತ್ತೇವೆ.

ಥಾಯ್ಲೆಂಡಿನ ಫೈಟರ್ ಬಾಟಲಿಗಳಲ್ಲಿ ಒಂಟಿಯಾಗಿ ಕುಳಿತಿತ್ತು. ಆ ದೇಶ 2019ರಲ್ಲಿ ಇದನ್ನು ತನ್ನ ರಾಷ್ಟ್ರೀಯ ಜಲಚರವೆಂದು ಘೋಷಿಸಿತು. ತಲೆಯೊಳಗಿನ ವಿಶೇಷ ಅಂಗದಿಂದ ಮೇಲಿನ ಗಾಳಿಯನ್ನೇ ಉಸಿರಾಡಬಲ್ಲದು. ಆದ್ದರಿಂದ ಬಾಟಲಿಯಲ್ಲೂ ಸಾಯದೆ ಉಳಿಯುತ್ತದೆ. ಉಳಿಯುತ್ತದೆ ಎಂದ ಮಾತ್ರಕ್ಕೆ ಸುಖವಾಗಿದೆ ಎಂದಲ್ಲ. ಎರಡು ಗಂಡುಗಳನ್ನು ಒಂದೇ ತೊಟ್ಟಿಗೆ ಬಿಟ್ಟರೆ ಕಾದಾಟ ಖಚಿತ.

ಆಫ್ರಿಕಾದ ಮಲಾವಿ ಸರೋವರದ ಸಿಕ್ಲಿಡ್‌ಗಳು ಇನ್ನೊಂದು ಸಾಲಿನಲ್ಲಿದ್ದವು, ನೀಲಿ ಹಳದಿ ಹರಳುಗಳಂತೆ. ಇವಕ್ಕೆ ನಮ್ಮ ಬಯಲುಸೀಮೆಯಂಥ ಗಡಸು, ಪ್ರತ್ಯಾಮ್ಲೀಯ ನೀರು ಇಷ್ಟವೇ. ಆದರೆ ಜಗಳಗಂಟರು, ದೊಡ್ಡ ತೊಟ್ಟಿ, ಅಡಗಲು ಕಲ್ಲಿನ ಪೊಟರೆಗಳು ಬೇಕು. ಮೊದಲ ಸಲ ಮೀನು ಸಾಕುವ ಮನೆಗೆ ಹೊಂದುವುದಿಲ್ಲ.

ನಮ್ಮ ನಾಡಿನವೂ ಇದ್ದವು. ಗಂಗಾ, ಬ್ರಹ್ಮಪುತ್ರ ಬಯಲಿನ ಜೀಬ್ರಾ ಮೀನು ಇಂದು ಜಗತ್ತಿನ ಜೀವವಿಜ್ಞಾನ ಪ್ರಯೋಗಾಲಯಗಳಲ್ಲೆಲ್ಲ ಇದೆ. ಮಾನವನ ಜೀನ್‌ಗಳಲ್ಲಿ ನೂರಕ್ಕೆ ಸುಮಾರು ಎಪ್ಪತ್ತಕ್ಕೆ ಸಾಟಿಯಾದವು ಇದರಲ್ಲಿವೆ ಎಂದು 2013ರಲ್ಲಿ ಪ್ರಕಟವಾದ ಅಧ್ಯಯನ ತೋರಿಸಿತು. ಗಟ್ಟಿ ಜೀವ, ಬಹುತೇಕ ಎಲ್ಲ ನೀರಿಗೂ ಒಗ್ಗುತ್ತದೆ, ಆರೇಳು ಒಟ್ಟಿಗಿದ್ದರೆ ತೊಟ್ಟಿ ಸದಾ ಚಟುವಟಿಕೆಯಿಂದ ಕೂಡಿರುತ್ತದೆ.

ಕೆಂಪು ಗೆರೆಯ ‘ಮಿಸ್ ಕೇರಳ’ ಮೀನಿನ ಕಥೆ ಬೇರೆ. ಅದು ಕೇರಳದ ಮತ್ತು ನಮ್ಮ ದಕ್ಷಿಣ ಕರ್ನಾಟಕದ ಪಶ್ಚಿಮಘಟ್ಟದ ಹೊಳೆಗಳದು. ಮದರಾಸು ಸೈನ್ಯದ ವೈದ್ಯನಾಗಿದ್ದ ಫ್ರಾನ್ಸಿಸ್ ಡೇ 1865ರಲ್ಲಿ ಇದನ್ನು ವಿವರಿಸಿ, ಆಗಿನ ಮದರಾಸಿನ ಗವರ್ನರ್ ಡೆನಿಸನ್ನನ ಹೆಸರಿಟ್ಟ. ನೂರಮೂವತ್ತು ವರ್ಷ ತನ್ನ ಹೊಳೆಯಲ್ಲಿ ತಣ್ಣಗಿದ್ದ ಈ ಮೀನಿಗೆ 1990ರ ದಶಕದಿಂದ ವಿದೇಶಗಳಲ್ಲಿ ಬೇಡಿಕೆ ಹುಟ್ಟಿತು. ಹೊಳೆಗಳಿಂದ ಬಾಚಿ ಬಾಚಿ ಸಾಗಿಸಿದರು. ಈಗ ಅದು ಅಳಿವಿನ ಅಪಾಯದಲ್ಲಿರುವ ಜೀವಿಗಳ ಪಟ್ಟಿಯಲ್ಲಿದೆ. ವೇಗದ ಹರಿವು, ತಂಪು, ಹೇರಳ ಆಮ್ಲಜನಕ ಬೇಕಾದ ಈ ಮೀನನ್ನು ಹೊಳೆಯಲ್ಲೇ ನೋಡಿ ಸಂತೋಷಪಡೋಣ.

ನಮ್ಮ ನೀರಿಗೆ ಹೊಂದುವವರು

ಕೋಲಾರದ ಗಡಸು ನೀರಿಗೆ ಯಾರು? ಹಿರಿಯರು ನಮ್ಮನ್ನು ಒಳಗಿನ ಸಾಲಿಗೆ ಕರೆದೊಯ್ದರು. ಗಪ್ಪಿ, ಮಾಲಿ, ಪ್ಲಾಟಿ, ಸ್ವಾರ್ಡ್‌ಟೇಲ್. ನಾಲ್ಕೂ ಮೊಟ್ಟೆಯಿಡದೆ ಮರಿ ಹಾಕುವ ಮೀನುಗಳು. ಮೂಲ ಮಧ್ಯ ಅಮೆರಿಕ, ಮೆಕ್ಸಿಕೋ, ದಕ್ಷಿಣ ಅಮೆರಿಕದ ಉತ್ತರ ತೀರ, ಪಕ್ಕದ ದ್ವೀಪಗಳು. ಲವಣವಿರುವ ನೀರು ಇವಕ್ಕೆ ಹೊರೆಯಲ್ಲ, ಹಿತ.

ಗಪ್ಪಿಯಂತೂ ನಮ್ಮ ಹಳ್ಳಿಗಳಿಗೆ ಹೊಸತೇ ಅಲ್ಲ. ಸೊಳ್ಳೆಮರಿ ತಿನ್ನಲೆಂದು ಆರೋಗ್ಯ ಇಲಾಖೆಯವರು ತೊಟ್ಟಿ, ಬಾವಿಗಳಿಗೆ ಬಿಡುವ ‘ಲಾರ್ವಾಹಾರಿ ಮೀನು’ಗಳಲ್ಲಿ ಇದೂ ಒಂದು. ‘ಅಯ್ಯೋ, ನಮ್ಮ ದನದ ತೊಟ್ಟಿಯಲ್ಲಿರುವುದೂ ಇದೇನಾ ಮೇಷ್ಟ್ರೇ!’ ಎಂದು ಹುಡುಗಿಯ ತಂದೆ ನಕ್ಕರು. ಅದೇ ಬಂಧು, ಇಲ್ಲಿ ಹಬ್ಬದ ಬಟ್ಟೆ ತೊಟ್ಟಿದೆ ಅಷ್ಟೆ. ಈ ಹೆಸರು ಬಂದದ್ದು 1866ರಲ್ಲಿ ಟ್ರಿನಿಡಾಡ್ ದ್ವೀಪದಿಂದ ಲಂಡನ್ನಿನ ವಸ್ತುಸಂಗ್ರಹಾಲಯಕ್ಕೆ ಇದರ ಮಾದರಿ ಕಳಿಸಿದ ಗಪ್ಪಿ ಎಂಬ ಮಹನೀಯರಿಂದ.

ಗಪ್ಪಿಯಲ್ಲಿ ಬಣ್ಣವೆಲ್ಲ ಗಂಡಿನದು. ಗಂಡು ಹೆಣ್ಣು ಸೇರಿಸಿದರೆ ತಿಂಗಳಿಗೊಮ್ಮೆ ಹತ್ತಾರು ಮರಿ. ಹೆಣ್ಣು ಒಮ್ಮೆ ಕೂಡಿದ ಮೇಲೆ ವೀರ್ಯವನ್ನು ತಿಂಗಳುಗಟ್ಟಲೆ ಒಳಗೇ ಕಾಪಿಟ್ಟುಕೊಳ್ಳುತ್ತದೆ. ಆದ್ದರಿಂದ ಬಣ್ಣವಷ್ಟೇ ಸಾಕೆನ್ನುವವರು ಗಂಡುಗಳನ್ನೇ ಕೊಳ್ಳಬಹುದು. ಮರಿ ನೋಡುವ ಆಸೆಯಿದ್ದರೆ ಒಂದು ಗಂಡಿಗೆ ಎರಡು ಮೂರು ಹೆಣ್ಣು ಇರಲಿ. ಇಲ್ಲವಾದರೆ ಒಂದೇ ಹೆಣ್ಣನ್ನು ಗಂಡುಗಳು ಅಟ್ಟಾಡಿಸಿ ಸುಸ್ತು ಮಾಡುತ್ತವೆ.

ಮಲೆನಾಡು, ಕರಾವಳಿಯ ಓದುಗರು ನಿರಾಶರಾಗಬೇಕಿಲ್ಲ. ಅವರ ಮೆದು ನೀರಿಗೆ ಟೆಟ್ರಾಗಳು, ಸಣ್ಣ ಗೌರಾಮಿಗಳು, ತಳದಲ್ಲಿ ಗುಂಪಾಗಿ ತಿರುಗುವ ಕೋರಿಡೋರಾಸ್‌ಗಳು ಒಪ್ಪುತ್ತವೆ. ಕಾವೇರಿ ನೀರಿನ ನಗರವಾಸಿಗಳು ಜೀಬ್ರಾ, ರೋಸಿ ಬಾರ್ಬ್, ಪ್ಲಾಟಿಗಳಿಂದ ಶುರು ಮಾಡಬಹುದು. ಕ್ಲೋರಿನ್ ಹೋಗಲು ನೀರನ್ನು ಒಂದು ದಿನ ಬಾಯಗಲದ ಪಾತ್ರೆಯಲ್ಲಿ ತೆರೆದಿಡುವುದು, ಇಲ್ಲವೇ ಅಂಗಡಿಯಲ್ಲಿ ಸಿಗುವ ಕ್ಲೋರಿನ್ ನಿವಾರಕವನ್ನು ಅಳತೆಯಂತೆ ಹಾಕುವುದು ಅಗತ್ಯ. ಬೆಂಗಳೂರಿನ ಡಿಸೆಂಬರ್ ಚಳಿಗೆ ಒಂದು ಹೀಟರ್ ಇದ್ದರೆ ಒಳ್ಳೆಯದು.

ಆರೋಗ್ಯದ ಗುರುತುಗಳು

ಜಾತಿ ಗೊತ್ತಾಯಿತು. ಇನ್ನು ಆ ಜಾತಿಯಲ್ಲಿ ಆರೋಗ್ಯವಂತ ಮೀನು ಯಾವುದು? ಹಿರಿಯರು ಕೈಕಟ್ಟಿ ನಿಂತು, ‘ಮೊದಲು ಐದು ನಿಮಿಷ ಸುಮ್ಮನೆ ನೋಡಿ’ ಎಂದರು. ನೋಡಬೇಕಾದ್ದನ್ನು ಹುಡುಗಿ ಬರೆದುಕೊಂಡ ಕ್ರಮದಲ್ಲೇ ಕೊಡುತ್ತೇನೆ.

ಮೊದಲು ಮೀನನ್ನಲ್ಲ, ತೊಟ್ಟಿಯನ್ನು ನೋಡಿ. ಒಂದೇ ಒಂದು ಸತ್ತ ಮೀನು ತೇಲುತ್ತಿದ್ದರೂ ಆ ತೊಟ್ಟಿಯಿಂದ ಯಾವುದನ್ನೂ ಕೊಳ್ಳಬೇಡಿ. ಆರೋಗ್ಯವಂತ ಮೀನು ಈಜುರೆಕ್ಕೆಗಳನ್ನು ಬಿಚ್ಚಿಕೊಂಡಿರುತ್ತದೆ. ಕಾಯಿಲೆಯದು ಚಳಿಗೆ ಮುದುಡಿದವರಂತೆ ಮೈಗೆ ಒತ್ತಿಕೊಂಡಿರುತ್ತದೆ. ಕಣ್ಣು ತಿಳಿಯಾಗಿರಬೇಕು. ಹೊಟ್ಟೆ ಒಳಕ್ಕೆ ಕುಸಿದಿರಬಾರದು, ಹುರುಪೆಗಳು ಕೆದರಿಕೊಂಡು ಉಬ್ಬಿರಲೂಬಾರದು. ಮೈಮೇಲೆ ಉಪ್ಪು ಉದುರಿಸಿದಂತೆ ಬಿಳಿ ಚುಕ್ಕೆಗಳಿದ್ದರೆ ಅದು ಏಕಕೋಶ ಪರಾವಲಂಬಿಯಿಂದ ಬರುವ ಬಿಳಿಚುಕ್ಕೆ ರೋಗ. ಇಡೀ ತೊಟ್ಟಿಗೆ ಹರಡುತ್ತದೆ. ಹತ್ತಿಯಂಥ ಬಿಳಿ ಜೂಲು ಶಿಲೀಂಧ್ರದ ಗುರುತು. ಕಿವಿರಿನ ಮುಚ್ಚಳ ಸಮನಾಗಿ ಬಡಿಯುತ್ತಿರಬೇಕು. ನೀರಿನ ಮೇಲ್ಮೈಗೆ ಬಂದು ಬಾಯಿ ಬಾಯಿ ಬಿಡುವ, ಮೂಲೆಯಲ್ಲಿ ಒಂಟಿಯಾಗಿ ನಿಂತ, ಕಲ್ಲಿಗೆ ಮೈ ಉಜ್ಜುವ ಮೀನು ಬೇಡ. ಕೊನೆಯದಾಗಿ, ‘ಸ್ವಲ್ಪ ಆಹಾರ ಹಾಕಿ’ ಎಂದು ಕೇಳಿ. ತಿನ್ನಲು ಬಾರದ ಮೀನನ್ನು ಮನೆಗೆ ತರಬೇಡಿ. ಅಂದೇ ಬಂದಿಳಿದ ಮೀನನ್ನೂ ಕೊಳ್ಳಬೇಡಿ. ಪ್ರಯಾಣದ ದಣಿವಿನಿಂದ ಬರುವ ಕಾಯಿಲೆ ಹೊರಗೆ ಕಾಣಿಸಲು ಕೆಲವು ದಿನ ಬೇಕು.

ಬಣ್ಣದ ಬಗ್ಗೆ ಒಂದು ಎಚ್ಚರಿಕೆ. ಗಾಜಿನಂತೆ ಪಾರದರ್ಶಕವಾದ ಗ್ಲಾಸ್ ಫಿಶ್ ನಮ್ಮ ದೇಶದ್ದೇ. ಅದರ ಬೆನ್ನಿನಲ್ಲಿ ಗುಲಾಬಿ, ಹಸಿರು ಪಟ್ಟಿ ಹೊಳೆಯುತ್ತಿದ್ದರೆ ಅದು ಪ್ರಕೃತಿಯ ಬಣ್ಣವಲ್ಲ; ಸೂಜಿಯಿಂದ ಚುಚ್ಚಿ ತುಂಬಿದ ಬಣ್ಣ. ಆ ಗಾಯದಿಂದ ಎಷ್ಟೋ ಮೀನು ಸಾಯುತ್ತವೆ, ಉಳಿದವುಗಳ ಬಣ್ಣವೂ ಕೆಲವು ತಿಂಗಳಲ್ಲಿ ಮಾಸುತ್ತದೆ. ನಾವು ಕೊಳ್ಳದಿದ್ದರೆ ಯಾರೂ ಚುಚ್ಚುವುದಿಲ್ಲ.

ಕಣ್ಣಿಗೆ ಕಾಣದ ಕೆಲಸಗಾರರು

ಹನ್ನೆರಡು ದಿನದ ತೊಟ್ಟಿಯ ಮುಖ್ಯ ಕೊಲೆಗಾರ ಇನ್ನೂ ಉಳಿದಿದೆ. ಅದರ ಹೆಸರು ಅಮೋನಿಯಾ. ಮೀನು ಕಿವಿರಿನಿಂದಲೇ ಅಮೋನಿಯಾ ಹೊರಹಾಕುತ್ತದೆ. ಕೊಳೆತ ಆಹಾರದಿಂದಲೂ ಅದು ಹುಟ್ಟುತ್ತದೆ. ಹೊಳೆ, ಕೆರೆಗಳಲ್ಲಿ ಒಂದು ಬಗೆಯ ಬ್ಯಾಕ್ಟೀರಿಯಾ ಅದನ್ನು ನೈಟ್ರೈಟ್ ಆಗಿಯೂ, ಇನ್ನೊಂದು ಬಗೆ ಆ ನೈಟ್ರೈಟನ್ನು ಹೆಚ್ಚು ಅಪಾಯವಿಲ್ಲದ ನೈಟ್ರೇಟ್ ಆಗಿಯೂ ಬದಲಿಸುತ್ತವೆ. ಪಠ್ಯಪುಸ್ತಕದ ಸಾರಜನಕ ಚಕ್ರದ ಚಿತ್ರ ಇದೇ. ಹೊಸ ತೊಟ್ಟಿಯಲ್ಲಿ ಈ ಕೆಲಸಗಾರರು ಇರುವುದಿಲ್ಲ. ಕಲ್ಲು, ಸ್ಪಂಜುಗಳ ಮೇಲೆ ಅವು ನೆಲೆಯೂರಲು ನಾಲ್ಕರಿಂದ ಆರು ವಾರ ಬೇಕು. ಮೊದಲ ರಾತ್ರಿಗೇ ಹದಿನೈದು ಮೀನು ಬಿಟ್ಟರೆ ವಿಷ ಏರುತ್ತ ಹೋಗುತ್ತದೆ. ಗಡಸು, ಪ್ರತ್ಯಾಮ್ಲೀಯ ನೀರಿನಲ್ಲಿ ಅಮೋನಿಯಾದ ವಿಷ ಇನ್ನೂ ತೀಕ್ಷ್ಣ. ಮಸಕಾದ ನೀರನ್ನು ಪೂರ್ತಿ ಚೆಲ್ಲಿ ಕಲ್ಲುಗಳನ್ನು ಉಜ್ಜಿದಾಗ, ಆಗಷ್ಟೇ ಬಂದು ಕೂತಿದ್ದ ಕೆಲಸಗಾರರೂ ಚರಂಡಿ ಸೇರಿದರು. ಸಕ್ಕರ್ ಉಳಿದದ್ದು ಅದೃಷ್ಟದಿಂದಲ್ಲ. ಕೆಟ್ಟ ನೀರನ್ನು ತಾಳುವ, ಬೇಕಾದಾಗ ಮೇಲೆ ಬಂದು ಗಾಳಿ ನುಂಗುವ ಗಟ್ಟಿ ಜಾತಿ ಅದು. ಹುಡುಗಿಯ ಪ್ರಶ್ನೆಗೆ ಉತ್ತರ ಸಿಕ್ಕಿತು. ಅಜ್ಜಿಯ ತೀರ್ಪಿಗೆ ಮೇಲ್ಮನವಿಯೂ ಸಿದ್ಧವಾಯಿತು.

ಆದ್ದರಿಂದ ತೊಟ್ಟಿ ಮೊದಲು, ಮೀನು ಆಮೇಲೆ. ನೀರು ತುಂಬಿ, ಸೋಸುಕ ನಡೆಸಿ, ದಿನವೂ ಚಿಟಿಕೆ ಮೀನಾಹಾರ ಹಾಕುತ್ತ ಒಂದು ತಿಂಗಳು ಕಾಯಿರಿ. ಅದು ಕೊಳೆತಾಗ ಹುಟ್ಟುವ ಅಮೋನಿಯಾವೇ ಬ್ಯಾಕ್ಟೀರಿಯಾಗಳ ಮೊದಲ ಊಟ. ಗೆಳೆಯರ ಮನೆಯ ಆರೋಗ್ಯವಂತ ತೊಟ್ಟಿಯಿಂದ ಒಂದು ಹಿಡಿ ಕಲ್ಲು ತಂದು ಹಾಕಿದರೆ ಕೆಲಸ ಬೇಗ ಆಗುತ್ತದೆ. ಮೊದಲು ಮೂರು ನಾಲ್ಕು ಮೀನು, ಎರಡು ವಾರದ ನಂತರ ಮತ್ತಷ್ಟು. ಹೊಸದಾಗಿ ತಂದವನ್ನು ಎರಡು ವಾರ ಬೇರೆ ಟಬ್ಬಿನಲ್ಲಿಟ್ಟು ನೋಡುವುದು ಜಾಣತನ. ವಾರಕ್ಕೊಮ್ಮೆ ಕಾಲುಭಾಗ ನೀರು ಬದಲಿಸಿ, ಪೂರ್ತಿ ಎಂದೂ ಬೇಡ. ಎರಡು ನಿಮಿಷದಲ್ಲಿ ತಿಂದು ಮುಗಿಸುವಷ್ಟೇ ಆಹಾರ.

ಎಷ್ಟು ಮೀನು ಎಂಬುದಕ್ಕೆ ಮಕ್ಕಳೇ ಲೆಕ್ಕ ಮಾಡಲಿ. ಎರಡು ಅಡಿ ಉದ್ದ, ಒಂದು ಅಡಿ ಅಗಲ, ಒಂದು ಅಡಿ ಎತ್ತರವೆಂದರೆ ಸುಮಾರು 60, 30, 30 ಸೆಂಟಿಮೀಟರು. ಗುಣಿಸಿದರೆ 54,000 ಘನ ಸೆಂಟಿಮೀಟರು, ಅಂದರೆ 54 ಲೀಟರು. ಕಲ್ಲು, ಮೇಲೆ ಬಿಟ್ಟ ಜಾಗ ಕಳೆದರೆ 45 ಲೀಟರು ನೀರು. ಪುಟ್ಟ ಮೀನುಗಳಿಗೆ ಪೂರ್ತಿ ಬೆಳೆದ ಉದ್ದದ ಪ್ರತಿ ಸೆಂಟಿಮೀಟರಿಗೆ ಒಂದೂವರೆ ಲೀಟರು ಎಂದು ಸ್ಥೂಲವಾಗಿ ಹಿಡಿಯಿರಿ. 45 ಲೀಟರಿಗೆ 30 ಸೆಂಟಿಮೀಟರು. ನಾಲ್ಕು ಸೆಂಟಿಮೀಟರಿನ ಗಪ್ಪಿಯಾದರೆ ಏಳು, ಹೆಚ್ಚೆಂದರೆ ಎಂಟು.

ಕೆರೆಗೆ ಬಿಡಬೇಡಿ

ಮಧ್ಯಾಹ್ನ ಊಟ ಮುಗಿಸಿ ರೆಟ್ಟೇರಿಯ ಕಡೆಗೆ ನಡೆದೆವು. ನೀರನ್ನು ನೋಡುತ್ತ ನಿಂತ ತಂದೆ ಮೆಲ್ಲಗೆ ಹೇಳಿದರು: ‘ಮೇಷ್ಟ್ರೇ, ಮನೆಯ ಸಕ್ಕರ್ ಈಗ ಒಂದು ಗೇಣು ಬೆಳೆದಿದೆ. ತೊಟ್ಟಿಯಲ್ಲಿ ತಿರುಗಲೂ ಆಗುವುದಿಲ್ಲ. ನಮ್ಮೂರ ಕೆರೆ ತುಂಬಿದೆ, ಬಿಟ್ಟುಬಿಟ್ಟರೆ ಪುಣ್ಯ ಬರುತ್ತದಲ್ಲವೇ?’

ಒಳ್ಳೆಯ ಮನಸ್ಸಿನ ಮಾತು. ಆದರೆ ಕೆರೆಗೆ ಇದಕ್ಕಿಂತ ಕೆಟ್ಟ ಕಾಣಿಕೆ ಇಲ್ಲ. ದಕ್ಷಿಣ ಅಮೆರಿಕದ ಈ ಮೀನು ಎರಡು ಇಂಚು ಇದ್ದಾಗ ಮಾರಾಟವಾಗಿ, ಒಂದೂವರೆ ಅಡಿವರೆಗೆ ಬೆಳೆಯುತ್ತದೆ. ಮೈತುಂಬ ಮುಳ್ಳಿನ ಕವಚ. ನಮ್ಮ ಕೆರೆಯ ಬೇಟೆಗಾರ ಮೀನುಗಳು ಇದನ್ನು ನುಂಗಲಾರವು. ದಡದ ಮಣ್ಣಿನಲ್ಲಿ ಬಿಲ ಕೊರೆದು ಮೊಟ್ಟೆಯಿಡುತ್ತದೆ, ಕಟ್ಟೆ ಸಡಿಲಾಗುತ್ತದೆ. ಬೆಸ್ತರ ಬಲೆಗೆ ಸಿಕ್ಕಿ ಬಲೆಯನ್ನೇ ಹರಿಯುತ್ತದೆ. ಕೇರಳ, ತಮಿಳುನಾಡು, ಆಂಧ್ರ, ನಮ್ಮ ಕರ್ನಾಟಕದ ನೀರಿನಲ್ಲೂ ಇದು ಈಗಾಗಲೇ ನೆಲೆಸಿದೆ. ಅಲ್ಲಿಗೆ ತಾನಾಗಿ ಈಜಿ ಬಂದದ್ದಲ್ಲ. ಸಾಕಲಾರದೆ ಯಾರೋ ಪುಣ್ಯಕ್ಕೆಂದು ಬಿಟ್ಟದ್ದು, ಸಾಕಣೆ ಕೊಳಗಳಿಂದ ತಪ್ಪಿಸಿಕೊಂಡದ್ದು. ಗಪ್ಪಿಯನ್ನೂ ಹೀಗೇ ಕೆರೆ ತೊರೆಗಳಿಗೆ ಬಿಡಬಾರದು. ನಮ್ಮ ಸಣ್ಣ ಮೀನುಗಳ ಪಾಲಿನ ಜಾಗ, ಆಹಾರ ಎರಡನ್ನೂ ಅದು ಕಸಿಯುತ್ತದೆ.

ಸಾಕಲಾಗದ ಮೀನನ್ನು ಅಂಗಡಿಗೆ ಮರಳಿಸಿ, ದೊಡ್ಡ ತೊಟ್ಟಿಯಿರುವವರಿಗೆ ಕೊಡಿ. ಎಲ್ಲಕ್ಕಿಂತ ಒಳ್ಳೆಯದು, ಕೊಳ್ಳುವ ಮೊದಲೇ ‘ಇದು ಎಷ್ಟು ಬೆಳೆಯುತ್ತದೆ?’ ಎಂದು ಕೇಳುವುದು. ಊರಿಗೆ ಮರಳಿದ ಮೇಲೆ ಆ ಸಕ್ಕರ್ ನಮ್ಮ ಶಾಲೆಯ ಹಿಂದಿನ, ಹೊರಗೆ ಹರಿದುಹೋಗಲು ದಾರಿಯಿಲ್ಲದ ದೊಡ್ಡ ಸಿಮೆಂಟ್ ತೊಟ್ಟಿಗೆ ಬಂತು. ಈಗ ಮಕ್ಕಳು ಪ್ರತಿ ತಿಂಗಳು ಅದನ್ನು ಅಳೆದು ಗೋಡೆಯ ಮೇಲೆ ರೇಖಾನಕ್ಷೆ ಬರೆಯುತ್ತಾರೆ.

ಕೊಳತ್ತೂರಿನಿಂದ ತಂದದ್ದು ಏಳು ಗಂಡು ಗಪ್ಪಿಗಳನ್ನು ಮಾತ್ರ. ವರ್ಷವಿಡೀ ನಡೆದಿದ್ದ ಹಳೆಯ ತೊಟ್ಟಿಯಾದ್ದರಿಂದ ಬ್ಯಾಕ್ಟೀರಿಯಾಗಳಿಗಾಗಿ ಕಾಯಬೇಕಾಗಲಿಲ್ಲ. ಮನೆ ತಲುಪಿದ ಮೇಲೆ ಹುಡುಗಿ ಚೀಲವನ್ನು ಬಿಚ್ಚದೆ ತೊಟ್ಟಿಯ ನೀರಿನ ಮೇಲೆ ಇಪ್ಪತ್ತು ನಿಮಿಷ ತೇಲಿಬಿಟ್ಟಳು, ಒಳಗಿನ ಬಿಸಿ ಹೊರಗಿನ ಬಿಸಿ ಒಂದಾಗಲೆಂದು. ಆಮೇಲೆ ತೊಟ್ಟಿಯ ನೀರನ್ನು ಲೋಟದಿಂದ ಸ್ವಲ್ಪ ಸ್ವಲ್ಪವಾಗಿ ಚೀಲಕ್ಕೆ ಬೆರೆಸುತ್ತ ಮತ್ತೆ ಅರ್ಧ ಗಂಟೆ. ಕೊನೆಗೆ ಚೀಲದ ನೀರನ್ನು ತೊಟ್ಟಿಗೆ ಸುರಿಯದೆ, ಬಲೆಯಿಂದ ಒಂದೊಂದೇ ಮೀನನ್ನು ಬಿಟ್ಟಳು. ಅಜ್ಜಿ ಪಕ್ಕದಲ್ಲೇ ಕುಳಿತು ಎಣಿಸುತ್ತಿದ್ದರಂತೆ.

ಆ ಏಳರಲ್ಲಿ ಒಂದು ಮೂರನೆಯ ವಾರ ಸತ್ತಿತು. ಉಳಿದ ಆರು ನಾನು ಇದನ್ನು ಬರೆಯುವ ಹೊತ್ತಿಗೂ ಚೆನ್ನಾಗಿವೆ. ಪ್ರಕೃತಿಯಲ್ಲಿ ಸಾವು ಇದ್ದೇ ಇದೆ. ನಮ್ಮ ಅವಸರದಿಂದ ಬರುವ ಸಾವನ್ನಷ್ಟೇ ನಾವು ತಡೆಯಬಲ್ಲೆವು. ಮಕ್ಕಳು ಮೀನು ಬೇಕೆಂದು ಹಟ ಹಿಡಿದರೆ ಬೇಡವೆನ್ನಬೇಡಿ. ಒಂದು ಲೋಟ ಮನೆಯ ನೀರು, ಒಂದು ಚೂರು ಸೋಪು ಕೊಟ್ಟು, ನೊರೆ ಬರುತ್ತದೆಯೇ ನೋಡು ಎನ್ನಿ. ಪಾಠ ಅಲ್ಲಿಂದ ಶುರುವಾಗಲಿ.